ಸರಾಸರಿಯ ಮರೆಯಲ್ಲಿದ್ದ ಮಕ್ಕಳು

2014ರ ಆಗಸ್ಟ್‌ನಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಸಾವಿರಾರು ಮನೆಗಳಿಗೆ ಶಾಲೆಯಿಂದ ಒಂದು ಪತ್ರ ಬಂತು. ನಿಮ್ಮ ಮಗು ಓದುತ್ತಿರುವ ಶಾಲೆ ನಿಗದಿಯಾದಷ್ಟು ಪ್ರಗತಿ ತೋರಿಸಿಲ್ಲ ಎಂಬುದು ಅದರ ತಿರುಳು. ಶಾಲೆ ಫೇಲು ಎಂದು ಜನ ಅದನ್ನು ಓದಿಕೊಂಡರು. ಕೆಲವು ಊರುಗಳಲ್ಲಿ ಆ ಪತ್ರದ ಜೊತೆ ಇನ್ನೊಂದು ಪತ್ರವನ್ನೂ ಲಗತ್ತಿಸಿದ್ದರು. ಅದನ್ನು ಬರೆದವರು ಅಲ್ಲಿನ ಶಾಲಾ ಜಿಲ್ಲೆಯ ಮುಖ್ಯಾಧಿಕಾರಿಗಳೇ. ಮೊದಲ ಪತ್ರವನ್ನು ಕಾನೂನಿಗಾಗಿ ಕಳಿಸಿದ್ದೇವೆ, ಅದರಲ್ಲಿರುವುದನ್ನು ನಾವು ಒಪ್ಪುವುದಿಲ್ಲ, ನಮ್ಮ ಶಾಲೆಗಳು ಚೆನ್ನಾಗಿವೆ ಎಂದು ಅದರಲ್ಲಿತ್ತು. ಆ ವರ್ಷ ರಾಜ್ಯದ ಹತ್ತು ಶಾಲೆಗಳಲ್ಲಿ ಹೆಚ್ಚುಕಡಿಮೆ ಒಂಬತ್ತು ಈ ಪಟ್ಟಿಗೆ ಬಿದ್ದಿದ್ದವು.

2002ರಲ್ಲಿ ಜಾರಿಯಾದ ‘ನೋ ಚೈಲ್ಡ್ ಲೆಫ್ಟ್ ಬಿಹೈಂಡ್’ ಕಾನೂನು ಒಂದು ಗಡುವು ಹಾಕಿತ್ತು. 2013-14ರ ಶಾಲಾ ವರ್ಷ ಮುಗಿಯುವಷ್ಟರಲ್ಲಿ ದೇಶದ ಮಕ್ಕಳೆಲ್ಲ ಓದು ಮತ್ತು ಗಣಿತದಲ್ಲಿ ನಿಗದಿತ ಮಟ್ಟ ಮುಟ್ಟಿರಬೇಕು. ನೂರಕ್ಕೆ ನೂರು. ಆ ಹೊತ್ತಿಗೆ ಬಹುಪಾಲು ರಾಜ್ಯಗಳು ಒಬಾಮಾ ಸರ್ಕಾರದಿಂದ ವಿನಾಯಿತಿ ಪಡೆದು ಪಾರಾಗಿದ್ದವು. ವಾಷಿಂಗ್ಟನ್ ರಾಜ್ಯಕ್ಕೂ ವಿನಾಯಿತಿ ಸಿಕ್ಕಿತ್ತು. ಆದರೆ ಶಿಕ್ಷಕರ ಮೌಲ್ಯಮಾಪನಕ್ಕೆ ರಾಜ್ಯ ಪರೀಕ್ಷೆಯ ಅಂಕಗಳನ್ನು ಬಳಸಲೇಬೇಕು ಎಂಬ ಷರತ್ತಿಗೆ ಅಲ್ಲಿನ ಶಾಸನಸಭೆ ಒಪ್ಪಲಿಲ್ಲ. ಏಪ್ರಿಲ್‌ನಲ್ಲಿ ವಿನಾಯಿತಿ ರದ್ದಾಯಿತು, ಹಳೆಯ ಕಾನೂನು ಮತ್ತೆ ಮೈಮೇಲೆ ಬಂತು. ಆ ಕಾನೂನನ್ನು ಇದ್ದಹಾಗೆಯೇ ಉಳಿಸಿಕೊಳ್ಳೋಣ ಎನ್ನುವವರು ಆ ವೇಳೆಗೆ ಎರಡೂ ಪಕ್ಷಗಳಲ್ಲಿ ಸಿಗುತ್ತಿರಲಿಲ್ಲ. ಆದರೂ ಅದನ್ನು ತಿದ್ದುವ ಕೆಲಸ ಏಳು ವರ್ಷದಿಂದ ಕುಂಟುತ್ತಿತ್ತು.

ಈ ಕಾನೂನನ್ನು ಬೈಯುವುದು ಸುಲಭ. ಅಮೆರಿಕದಲ್ಲಿ ಬಲದವರೂ ಎಡದವರೂ ಬೈದು ಬೈದು ಸುಸ್ತಾಗಿದ್ದಾರೆ. ಆದರೆ ಅದರ ಒಂದು ಕೈಯಲ್ಲಿ ತಕ್ಕಡಿ ಇತ್ತು, ಇನ್ನೊಂದರಲ್ಲಿ ಬೆತ್ತ ಇತ್ತು ಎಂಬುದನ್ನು ಬೇರೆಮಾಡಿ ನೋಡಿದವರು ಕಡಿಮೆ. ಎರಡು ದಶಕದ ಜಗಳವೆಲ್ಲ ಬೆತ್ತ ಯಾರ ಕೈಯಲ್ಲಿರಬೇಕು, ಎಷ್ಟು ಉದ್ದವಿರಬೇಕು ಎಂಬುದರ ಸುತ್ತ ನಡೆಯಿತು. ತಕ್ಕಡಿ ಏನನ್ನು ತೋರಿಸಿತೋ ಅದನ್ನು ಕಂಡ ಮೇಲೆ ಏನು ಮಾಡಬೇಕು ಎಂಬ ಪ್ರಶ್ನೆಯ ಹತ್ತಿರಕ್ಕೆ ಚರ್ಚೆ ಬಂದದ್ದು ಅಪರೂಪ.

ಮೊದಲು ಅಲ್ಲಿನ ವ್ಯವಸ್ಥೆಯ ಬಗ್ಗೆ ಒಂದು ಮಾತು. ಭಾರತದಲ್ಲಿ 1976ರಿಂದ ಶಿಕ್ಷಣ ಸಮವರ್ತಿ ಪಟ್ಟಿಯಲ್ಲಿದೆ. ಅಮೆರಿಕದ ಸಂವಿಧಾನದಲ್ಲಿ ಶಿಕ್ಷಣ ಎಂಬ ಪದವೇ ಇಲ್ಲ. ಶಾಲೆ ರಾಜ್ಯದ ವಿಷಯ, ನಡೆಸುವವರು ಹದಿಮೂರು ಸಾವಿರಕ್ಕೂ ಹೆಚ್ಚು ಸ್ಥಳೀಯ ಶಾಲಾ ಜಿಲ್ಲೆಗಳವರು. ಹಣದ ದೊಡ್ಡ ಪಾಲು ಊರಿನ ಮನೆಕಂದಾಯದಿಂದಲೂ ರಾಜ್ಯದ ಬೊಕ್ಕಸದಿಂದಲೂ ಬರುತ್ತದೆ. ಕೇಂದ್ರ ಸರ್ಕಾರ ಕೊಡುವುದು ಒಟ್ಟು ಖರ್ಚಿನ ಹತ್ತರಲ್ಲಿ ಒಂದು ಪಾಲಿನಷ್ಟು. ಮನೆಗಳ ಬೆಲೆ ಹೆಚ್ಚಿದ್ದ ಊರಿನ ಶಾಲೆಗೆ ಹಣ ಹೆಚ್ಚು, ಬಡವರ ಊರಿಗೆ ಕಡಿಮೆ. ಈ ತಾರತಮ್ಯ ಸಂವಿಧಾನಕ್ಕೆ ವಿರುದ್ಧವಲ್ಲ ಎಂದು 1973ರಲ್ಲಿ ಸ್ಯಾನ್ ಆಂಟೋನಿಯೊ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಹತ್ತರಲ್ಲಿ ಒಂದು ಪಾಲು ಕೊಡುವವರು ಹತ್ತೂ ಪಾಲಿನ ಲೆಕ್ಕ ಕೇಳಬಹುದೇ ಎಂಬುದು ಇಡೀ ವಿವಾದದ ಬೇರು.

ಆ ಹಣ ಬರಲು ಶುರುವಾದದ್ದು 1965ರಲ್ಲಿ. ಆ ವರ್ಷದ ಏಪ್ರಿಲ್ 11ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಟೆಕ್ಸಾಸ್‌ನಲ್ಲಿ ತಾವು ಬಾಲ್ಯದಲ್ಲಿ ಕಲಿತ ಏಕೋಪಾಧ್ಯಾಯ ಶಾಲೆಯ ಕಟ್ಟಡದ ಮುಂದೆ ಮೇಜು ಹಾಕಿಸಿ, ಅಕ್ಷರ ಕಲಿಸಿದ ಟೀಚರನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಲಿಮೆಂಟರಿ ಆ್ಯಂಡ್ ಸೆಕೆಂಡರಿ ಎಜುಕೇಷನ್ ಆ್ಯಕ್ಟ್‌ಗೆ ಸಹಿ ಹಾಕಿದರು. ಟೀಚರ ಹೆಸರು ಕೇಟ್ ಡೆಡ್ರಿಕ್ ಲೋನಿ. ಜಾನ್ಸನ್ ತಾವೂ ಯೌವನದಲ್ಲಿ ಮೆಕ್ಸಿಕೊ ಗಡಿಯ ಕಡೆಗಿರುವ ಕೊಟುಲ್ಲ ಎಂಬ ಊರಿನಲ್ಲಿ ಬಡ ಮೆಕ್ಸಿಕನ್ ಅಮೆರಿಕನ್ ಮಕ್ಕಳಿಗೆ ಪಾಠ ಹೇಳಿದ್ದವರು. ಹಸಿದ ಹೊಟ್ಟೆಯಲ್ಲಿ ಶಾಲೆಗೆ ಬರುತ್ತಿದ್ದ ಆ ಮಕ್ಕಳ ನೆನಪನ್ನು ಅವರು ಭಾಷಣಗಳಲ್ಲಿ ಮತ್ತೆ ಮತ್ತೆ ತರುತ್ತಿದ್ದರು. ಕಾನೂನಿನ ಟೈಟಲ್ ಒನ್ ಭಾಗದ ಉದ್ದೇಶ ಬಡಮಕ್ಕಳಿರುವ ಶಾಲೆಗಳಿಗೆ ಹೆಚ್ಚುವರಿ ಹಣ ಕೊಡುವುದು. ಸೆನೆಟರ್ ರಾಬರ್ಟ್ ಕೆನಡಿ ಆಗಲೇ ಒಂದು ಗುಮಾನಿ ಎತ್ತಿದ್ದರು: ಹಣ ಹೋಗುತ್ತದೆ, ಸರಿ, ಮಗುವಿಗೆ ಓದು ಬಂತೋ ಇಲ್ಲವೋ ಎಂದು ತಂದೆತಾಯಿಗೆ ತಿಳಿಯುವುದು ಹೇಗೆ? ಅವರ ಒತ್ತಾಯದಿಂದಲೇ ಮೌಲ್ಯಮಾಪನದ ಅಂಶ ಕಾನೂನಿಗೆ ಸೇರಿತು. ಅದು ಬಹುಮಟ್ಟಿಗೆ ಕಾಗದದ ಮೇಲೆ ಉಳಿಯಿತು.

ನಡುವಿನ ಮೂರೂವರೆ ದಶಕವನ್ನು ಇಲ್ಲಿ ಬೇಗ ದಾಟಬಹುದು. 1983ರಲ್ಲಿ ‘ಎ ನೇಷನ್ ಅಟ್ ರಿಸ್ಕ್’ ವರದಿ ಬಂದು ದೇಶ ಬೆಚ್ಚಿತು. 1989ರಲ್ಲಿ ಹಿರಿಯ ಬುಷ್ ರಾಜ್ಯಪಾಲರನ್ನು ವರ್ಜೀನಿಯಾದ ಶಾರ್ಲಟ್ಸ್‌ವಿಲ್‌ನಲ್ಲಿ ಸೇರಿಸಿ ರಾಷ್ಟ್ರೀಯ ಗುರಿಗಳ ಮಾತಾಡಿದರು. (ಅಲ್ಲಿನ ರಾಜ್ಯಪಾಲರೆಂದರೆ ನಮ್ಮ ಮುಖ್ಯಮಂತ್ರಿಯಂತೆ ಜನ ಆರಿಸಿದವರು.) ಆ ಸಭೆಯಲ್ಲಿ ಮುಂದೆ ನಿಂತು ಓಡಾಡಿದ ಆರ್ಕನ್ಸಾ ರಾಜ್ಯಪಾಲ ಬಿಲ್ ಕ್ಲಿಂಟನ್ 1994ರಲ್ಲಿ, ಅಧ್ಯಕ್ಷರಾದ ಮೇಲೆ, ಪ್ರತಿ ರಾಜ್ಯವೂ ಕಲಿಕೆಯ ಮಾನದಂಡ ಮತ್ತು ಪರೀಕ್ಷೆ ಇಟ್ಟುಕೊಳ್ಳಬೇಕೆಂಬ ಕಾನೂನು ತಂದರು. ಅದೇ ಕಾಲದಲ್ಲಿ ಇನ್ನೊಂದು ಮಾತು ಕೇಳಿಬಂದಿತ್ತು. ಮಕ್ಕಳು ಇಷ್ಟು ಕಲಿಯಬೇಕು ಎಂದು ಮಾನದಂಡ ಮಾಡುವುದಾದರೆ, ಅವರಿಗೆ ಇಂಥ ಶಿಕ್ಷಕರು, ಇಂಥ ಪುಸ್ತಕ, ಇಷ್ಟು ಸೌಕರ್ಯ ಸಿಗಬೇಕು ಎಂಬುದಕ್ಕೂ ಮಾನದಂಡ ಬೇಡವೇ? ಈ ವಿಚಾರ ‘ಗೋಲ್ಸ್ 2000’ ಕಾನೂನಿನೊಳಗೆ ಐಚ್ಛಿಕ ಎಂಬ ಹಣೆಪಟ್ಟಿಯೊಂದಿಗೆ ಸೇರಿತು, ಎರಡು ವರ್ಷದಲ್ಲಿ ಸದ್ದಿಲ್ಲದೆ ಹೊರಬಿತ್ತು. ನನ್ನ ಮಟ್ಟಿಗೆ ಇಡೀ ಇತಿಹಾಸದ ತಿರುವು ಅದೇ. ಮಗು ಕೊಡಬೇಕಾದ ಲೆಕ್ಕ ಉಳಿಯಿತು, ಮಗುವಿಗೆ ಕೊಡಬೇಕಾದ್ದರ ಲೆಕ್ಕ ಹೋಯಿತು.

2002ರ ಜನವರಿ 8ರಂದು ಒಹಾಯೊದ ಹ್ಯಾಮಿಲ್ಟನ್ ಹೈಸ್ಕೂಲಿನಲ್ಲಿ ಕಿರಿಯ ಬುಷ್ ‘ನೋ ಚೈಲ್ಡ್ ಲೆಫ್ಟ್ ಬಿಹೈಂಡ್’ಗೆ ಸಹಿ ಹಾಕಿದಾಗ ಅವರ ಹಿಂದೆ ನಿಂತವರಲ್ಲಿ ಡೆಮಾಕ್ರಟಿಕ್ ಪಕ್ಷದ ಟೆಡ್ ಕೆನಡಿ, ಜಾರ್ಜ್ ಮಿಲ್ಲರ್, ರಿಪಬ್ಲಿಕನ್ ಪಕ್ಷದ ಜಾನ್ ಬೇನರ್, ಜಡ್ ಗ್ರೆಗ್ ಇದ್ದರು. ಕೆಳಮನೆಯಲ್ಲಿ 381 ಪರ, 41 ವಿರೋಧ. ಸೆನೆಟ್‌ನಲ್ಲಿ 87ಕ್ಕೆ 10. ಇವತ್ತಿನ ಅಮೆರಿಕ ನೋಡಿದವರಿಗೆ ಈ ಸಂಖ್ಯೆಗಳೇ ಪವಾಡ.

ತಕ್ಕಡಿಯನ್ನು ಹತ್ತಿರದಿಂದ ನೋಡೋಣ. ಮೂರರಿಂದ ಎಂಟನೇ ತರಗತಿವರೆಗೆ ಪ್ರತಿ ವರ್ಷ, ಹೈಸ್ಕೂಲಿನಲ್ಲಿ ಒಮ್ಮೆ, ಓದು ಮತ್ತು ಗಣಿತದ ಪರೀಕ್ಷೆ. ಪರೀಕ್ಷೆ ಎಂಬುದೇನೂ ಹೊಸದಲ್ಲ. ಹೊಸದಿದ್ದದ್ದು ಫಲಿತಾಂಶವನ್ನು ಬಿಡಿಸಿ ತೋರಿಸಬೇಕು ಎಂಬ ನಿಯಮದಲ್ಲಿ. ಅಲ್ಲಿಯವರೆಗೆ ಒಳ್ಳೆಯ ಬಡಾವಣೆಯ ಶಾಲೆ ತನ್ನ ಸರಾಸರಿ ಹೇಳಿ ಬೆನ್ನು ತಟ್ಟಿಕೊಳ್ಳುತ್ತಿತ್ತು. ಐನೂರು ಮಕ್ಕಳಲ್ಲಿ ನಾನೂರು ಮಂದಿ ಚೆನ್ನಾಗಿ ಓದಿದರೆ ಸರಾಸರಿ ಚಂದವಾಗಿಯೇ ಇರುತ್ತದೆ. ಉಳಿದ ನೂರು ಕಪ್ಪುಮಕ್ಕಳೋ, ಮನೆಯಲ್ಲಿ ಸ್ಪ್ಯಾನಿಷ್ ಆಡುವವರೋ, ಅಂಗವಿಕಲರೋ ಆಗಿದ್ದರೆ ಅವರು ಆ ಸರಾಸರಿಯ ಮರೆಯಲ್ಲಿ ಕೂತಿರುತ್ತಿದ್ದರು. ಕಾನೂನು ಆ ಪರದೆ ಸರಿಸಿತು. ಎಲ್ಲ ಮಕ್ಕಳೂ ಸೇರಿ ಒಂದು ಸಾಲು, ಜನಾಂಗಗಳದು ಐದು, ಬಡವರದು ಒಂದು, ಅಂಗವಿಕಲರದು ಒಂದು, ಇಂಗ್ಲಿಷ್ ಕಲಿಯುತ್ತಿರುವವರದು ಒಂದು, ಒಟ್ಟು ಒಂಬತ್ತು. ಪ್ರತಿ ಸಾಲಿಗೂ ಎರಡು ವಿಷಯ. ಪ್ರತಿ ವಿಷಯಕ್ಕೂ ತೇರ್ಗಡೆಯ ಗುರಿ ಒಂದು, ಪರೀಕ್ಷೆಗೆ ಶೇಕಡಾ 95 ಹಾಜರಾತಿಯ ಗುರಿ ಇನ್ನೊಂದು. ಅಲ್ಲಿಗೆ 36. ಹೈಸ್ಕೂಲಾದರೆ ಓದು ಮುಗಿಸಿ ಹೊರಬಂದವರ ಪ್ರಮಾಣವೂ ಸೇರಿ 37. ಇದರಲ್ಲಿ ಒಂದು ತಪ್ಪಿದರೂ ಶಾಲೆ ಆ ವರ್ಷ ಗುರಿ ಮುಟ್ಟಿಲ್ಲ ಎಂದೇ ಲೆಕ್ಕ. ಮೂವತ್ತಾರು ತಪ್ಪಿದ ಶಾಲೆಗೂ ಒಂದು ತಪ್ಪಿದ ಶಾಲೆಗೂ ಒಂದೇ ಹಣೆಬರಹ.

ಬೆತ್ತ ಬೀಳುವುದು ಇಲ್ಲಿಂದ ಮುಂದೆ. ಟೈಟಲ್ ಒನ್ ಹಣ ಪಡೆಯುವ ಶಾಲೆ ಸತತ ಎರಡು ವರ್ಷ ಗುರಿ ತಪ್ಪಿದರೆ ಮಕ್ಕಳಿಗೆ ಬೇರೆ ಶಾಲೆಗೆ ಹೋಗುವ ಅವಕಾಶ ಕೊಡಬೇಕು. ಮೂರು ವರ್ಷವಾದರೆ ಖಾಸಗಿ ಟ್ಯೂಷನ್‌ಗೆ ಹಣ ಕಟ್ಟಬೇಕು. ನಾಲ್ಕಾದರೆ ಸಿಬ್ಬಂದಿಯನ್ನೋ ಪಠ್ಯಕ್ರಮವನ್ನೋ ಬದಲಿಸಬೇಕು. ಐದಾದರೆ ಶಾಲೆಯನ್ನೇ ಬಿಚ್ಚಿ ಕಟ್ಟುವ ಯೋಜನೆ. ಕೇಳಲು ಗಟ್ಟಿಯಾಗಿದೆ. ಮೊದಲ ವರ್ಷಗಳಲ್ಲಿ ಬೇರೆ ಶಾಲೆಗೆ ಹೋಗಲು ಅರ್ಹರಾದ ಮಕ್ಕಳಲ್ಲಿ ನಿಜಕ್ಕೂ ಹೋದವರು ನೂರಕ್ಕೆ ಒಬ್ಬರು. ಹೋಗುವುದಾದರೂ ಎಲ್ಲಿಗೆ? ಪಕ್ಕದ ಶಾಲೆಯೂ ಅದೇ ಪಟ್ಟಿಯಲ್ಲಿ. ಅಲಾಸ್ಕಾದ ಕೆಲವು ಹಳ್ಳಿಗಳಿಂದ ಇನ್ನೊಂದು ಶಾಲೆಗೆ ಹೋಗಬೇಕಾದರೆ ಸಣ್ಣ ವಿಮಾನ ಹತ್ತಬೇಕು.

ಕಾನೂನಿನ ದೊಡ್ಡ ತೂತು ಇನ್ನೊಂದಿತ್ತು. ನೂರಕ್ಕೆ ನೂರು ಎಂದು ಹೇಳಿದ ಕೇಂದ್ರ, ತೇರ್ಗಡೆ ಎಂದರೇನು ಎಂದು ನಿರ್ಧರಿಸುವುದನ್ನು ರಾಜ್ಯಗಳಿಗೇ ಬಿಟ್ಟಿತು. ಬಿಟ್ಟದ್ದು ರಾಜಕೀಯದ ಅನಿವಾರ್ಯತೆ. ರಾಷ್ಟ್ರೀಯ ಪರೀಕ್ಷೆ ಎಂದಿದ್ದರೆ ರಿಪಬ್ಲಿಕನ್ನರು ಅಂದೇ ಎದ್ದುಹೋಗುತ್ತಿದ್ದರು. ಪರಿಣಾಮವನ್ನು ಊಹಿಸಲು ಪಂಡಿತರು ಬೇಕಿಲ್ಲ. 2005ರ ಸುಮಾರಿಗೆ ಮಿಸಿಸಿಪಿ ರಾಜ್ಯ ತನ್ನ ಪರೀಕ್ಷೆಯಲ್ಲಿ ನಾಲ್ಕನೇ ತರಗತಿಯ ಶೇಕಡಾ 89 ಮಕ್ಕಳಿಗೆ ಚೆನ್ನಾಗಿ ಓದಲು ಬರುತ್ತದೆ ಎಂದು ಸಾರಿತು. ದೇಶಕ್ಕೆಲ್ಲ ಒಂದೇ ಆದ ಮಾದರಿ ಪರೀಕ್ಷೆ ‘ನೇಪ್’ ಪ್ರಕಾರ ಅದೇ ರಾಜ್ಯದಲ್ಲಿ ಆ ಮಟ್ಟ ಮುಟ್ಟಿದವರು ಶೇಕಡಾ 18. ನೇಪ್‌ನ ಮಟ್ಟ ತುಸು ಕಠಿಣ, ಒಪ್ಪೋಣ. ಆದರೂ 89 ಎಲ್ಲಿ, 18 ಎಲ್ಲಿ?

ನಮ್ಮ ಓದುಗರಿಗೆ ಇದೇನೂ ಹೊಸ ಆಟವಲ್ಲ. 2024ರಲ್ಲಿ ಕರ್ನಾಟಕದ ಎಸ್ಸೆಸ್ಸೆಲ್ಸಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದರು. ಹಿಂದಿನ ವರ್ಷ 83.89 ಇದ್ದ ಫಲಿತಾಂಶ 73.40ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಶೇಕಡಾ 10ರಿಂದ 20ಕ್ಕೆ ಏರಿಸಿದ ಮೇಲೆ. ಅಳೆಯುವವನಿಗೂ ಅಳತೆಗೆ ಒಳಗಾಗುವವನಿಗೂ ಒಂದೇ ಸಂಖ್ಯೆ ಬೇಕಾದಾಗ ಆ ಸಂಖ್ಯೆ ಹೇಗೋ ಬಂದುಬಿಡುತ್ತದೆ.

ಇನ್ನೂ ಹತ್ತಿರದ ಹೋಲಿಕೆ ‘ಪಾಸಿಂಗ್ ಪ್ಯಾಕೇಜ್’. ನಮ್ಮ ಹೈಸ್ಕೂಲುಗಳಲ್ಲಿ ಪರೀಕ್ಷೆಗೆ ಎರಡು ತಿಂಗಳಿರುವಾಗ ಈ ಮಾತು ಕೇಳಿಸುತ್ತಿತ್ತು: ನಕ್ಷೆ, ಎರಡು ಪ್ರಮೇಯ, ಒಂದು ಪತ್ರಲೇಖನ, ಕಂಠಪಾಠದ ಪದ್ಯ, ಇಷ್ಟು ಬಂದರೆ 35 ಗ್ಯಾರಂಟಿ. ನಾನು ಓದಿದ ಶಾಲೆಯಲ್ಲಿ ಸಂಜೆ ವಿಶೇಷ ತರಗತಿಗೆ ಉಳಿಸಿಕೊಳ್ಳುತ್ತಿದ್ದುದು ಮಧ್ಯವಾರ್ಷಿಕದಲ್ಲಿ ಇಪ್ಪತ್ತೈದರಿಂದ ಮೂವತ್ತೈದರ ನಡುವೆ ಬಂದವರನ್ನು. ಎಂಬತ್ತು ಬಂದವರು ಮನೆಗೆ ಹೋಗಬಹುದಿತ್ತು. ಎಂಟು ಬಂದವರೂ ಹೋಗಬಹುದಿತ್ತು. ಆ ಎಂಟರವರು ಬ್ಯಾಗು ಹೆಗಲಿಗೇರಿಸಿ ಗೇಟು ದಾಟುವಾಗ ಯಾರೂ ತಡೆಯುತ್ತಿರಲಿಲ್ಲ; ಅದನ್ನು ನಾವು ಅವರ ಭಾಗ್ಯವೆಂದೇ ತಿಳಿದಿದ್ದೆವು. ಷಿಕಾಗೊದ ಶಾಲೆಗಳ ಅಂಕಗಳನ್ನು ಶೋಧಿಸಿದ ಡೆರೆಕ್ ನೀಲ್ ಮತ್ತು ಡಯಾನ್ ಶಾನ್ಝೆನ್‌ಬಾಕ್ ಎಂಬ ಅರ್ಥಶಾಸ್ತ್ರಜ್ಞರು ಕಂಡದ್ದೂ ಇದನ್ನೇ. ಹೊಸ ಕಾನೂನು ಬಂದ ಮೇಲೆ ತೇರ್ಗಡೆಯ ಗೆರೆಯ ಆಸುಪಾಸಿನ ಮಕ್ಕಳ ಅಂಕ ಏರಿತು. ತೀರಾ ಕೆಳಗಿದ್ದವರದು ಇದ್ದಲ್ಲೇ ಇತ್ತು. ಯಾರ ಹೆಸರಿನಲ್ಲಿ ಕಾನೂನು ಬಂತೋ ಅವರೇ ಹಿಂದುಳಿದರು.

ಮೋಸದ ಕತೆಗಳಲ್ಲಿ ಅಟ್ಲಾಂಟಾದ್ದು ದೊಡ್ಡದು. ಅಲ್ಲಿನ ಶಾಲಾ ಮುಖ್ಯಸ್ಥೆ ಬೆವರ್ಲಿ ಹಾಲ್ 2009ರಲ್ಲಿ ರಾಷ್ಟ್ರಮಟ್ಟದ ಅತ್ಯುತ್ತಮ ಸೂಪರಿಂಟೆಂಡೆಂಟ್ ಪ್ರಶಸ್ತಿ ಪಡೆದರು. ಅದೇ ವರ್ಷದ ಉತ್ತರಪತ್ರಿಕೆಗಳಲ್ಲಿ ಅಳಿಸಿದ ಗುರುತುಗಳನ್ನು ಯಂತ್ರ ಎಣಿಸಿತು. ಮಕ್ಕಳು ಒಂದೆರಡು ಉತ್ತರ ಅಳಿಸಿ ತಿದ್ದುವುದು ಸಹಜ. ಆದರೆ ಒಂದೇ ತರಗತಿಯಲ್ಲಿ ಪುಟಗಟ್ಟಲೆ ಅಳಿಸಿ, ಅಳಿಸಿದ್ದೆಲ್ಲ ತಪ್ಪಿನಿಂದ ಸರಿಗೇ ಬದಲಾಗಿದ್ದರೆ ರಬ್ಬರು ಹಿಡಿದ ಕೈ ಚಿಕ್ಕದಲ್ಲ. 2011ರ ತನಿಖಾ ವರದಿ 44 ಶಾಲೆಗಳ 178 ಮಂದಿಯನ್ನು ಹೆಸರಿಸಿತು. ಕೆಲವರು ವಾರಾಂತ್ಯದಲ್ಲಿ ಒಬ್ಬರ ಮನೆಯಲ್ಲಿ ಕೂತು ಉತ್ತರ ತಿದ್ದಿದ್ದರು. 2015ರ ಏಪ್ರಿಲ್‌ನಲ್ಲಿ ಹನ್ನೊಂದು ಮಂದಿ ಅಪರಾಧಿಗಳೆಂದು ತೀರ್ಪಾಯಿತು, ಅದೂ ಮಾಫಿಯಾ ಗುಂಪುಗಳಿಗೆಂದು ಮಾಡಿದ ಬಗೆಯ ಕಾನೂನಿನಡಿ. ಹಾಲ್ ವಿಚಾರಣೆಗೆ ಬರುವ ಮೊದಲೇ ತೀರಿಕೊಂಡಿದ್ದರು. ಆ ಸುದ್ದಿಯಲ್ಲಿ ಹೆಚ್ಚು ಜನ ಗಮನಿಸದ ಸಂಗತಿ ಒಂದಿದೆ. ಸುಳ್ಳು ಅಂಕ ಬಂದ ಮಕ್ಕಳಿಗೆ ಓದು ಬರುವುದಿಲ್ಲ ಎಂಬುದು ದಾಖಲೆಯಲ್ಲಿ ಇಲ್ಲವಾಯಿತು. ಹಾಗಾಗಿ ಅವರಿಗೆ ಸಿಗಬೇಕಿದ್ದ ಹೆಚ್ಚುವರಿ ಪಾಠವೂ ತಪ್ಪಿತು.

ಪಠ್ಯದ ಮೇಲೆ ಬಿದ್ದ ಪೆಟ್ಟನ್ನೂ ಹೇಳಬೇಕು. 2007ರಲ್ಲಿ ಸೆಂಟರ್ ಆನ್ ಎಜುಕೇಷನ್ ಪಾಲಿಸಿ ನಡೆಸಿದ ಸಮೀಕ್ಷೆಯ ಪ್ರಕಾರ ಶೇಕಡಾ 62 ಶಾಲಾ ಜಿಲ್ಲೆಗಳು ಪ್ರಾಥಮಿಕ ತರಗತಿಗಳಲ್ಲಿ ಓದು, ಗಣಿತದ ಅವಧಿ ಹೆಚ್ಚಿಸಿದ್ದವು, ಶೇಕಡಾ 44 ಜಿಲ್ಲೆಗಳು ಸಮಾಜ, ವಿಜ್ಞಾನ, ಚಿತ್ರಕಲೆ, ಸಂಗೀತ, ಊಟದ ಬಿಡುವು, ಆಟ ಇವುಗಳಿಂದ ಸಮಯ ಕಿತ್ತಿದ್ದವು.

ಹಾಗಾದರೆ ಲಾಭವೇ ಆಗಲಿಲ್ಲವೇ? ಆಯಿತು. ಥಾಮಸ್ ಡೀ ಮತ್ತು ಬ್ರಯನ್ ಜೇಕಬ್ 2011ರಲ್ಲಿ ಪ್ರಕಟಿಸಿದ ಅಧ್ಯಯನ ನಾಲ್ಕನೇ ತರಗತಿಯ ಗಣಿತದಲ್ಲಿ ನಿಜವಾದ ಏರಿಕೆ ಕಂಡಿತು, ಅದೂ ಬಡಮಕ್ಕಳಲ್ಲಿ, ಹಿಸ್ಪಾನಿಕ್ ಮಕ್ಕಳಲ್ಲಿ. ಅದನ್ನು ಅಳೆದದ್ದು ನೇಪ್‌ನಿಂದ, ರಾಜ್ಯಗಳ ಸಡಿಲ ಪರೀಕ್ಷೆಯಿಂದಲ್ಲ. ಓದಿನಲ್ಲಿ ಅಂಥ ಪರಿಣಾಮ ಕಾಣಲಿಲ್ಲ. ಗಣಿತ ಶಾಲೆಯಲ್ಲೇ ಕಲಿಯುವ ವಿದ್ಯೆ. ಓದಿಗೆ ಮನೆಯ ಮಾತೂ ಬೇಕು, ಲೋಕಜ್ಞಾನವೂ ಬೇಕು. ಸಮಾಜ, ವಿಜ್ಞಾನದ ಪಾಠ ಕಿತ್ತು ಓದಿನ ಅವಧಿ ಹೆಚ್ಚಿಸಿದ್ದು ಬುಡಕ್ಕೆ ನೀರು ಹಾಕದೆ ಎಲೆ ತೊಳೆದಂತೆ ಎಂದು ನನಗನಿಸುತ್ತದೆ.

2007ರಲ್ಲಿ ಕಾನೂನಿನ ಅವಧಿ ಮುಗಿದು ನವೀಕರಣದ ಸರದಿ ಬಂತು. ಚರ್ಚೆಯ ರಂಗವನ್ನು ಎರಡು ಪಕ್ಷಗಳ ಜಗಳ ಎಂದು ನೋಡಿದರೆ ಅರ್ಥವಾಗುವುದಿಲ್ಲ; ಕನಿಷ್ಠ ನಾಲ್ಕು ಗುಂಪುಗಳಿದ್ದವು, ಪ್ರತಿ ಗುಂಪೂ ಎರಡೂ ಪಕ್ಷಗಳೊಳಗೆ ಹರಡಿತ್ತು. ಶಿಕ್ಷಣ ಕಾರ್ಯದರ್ಶಿ ಮಾರ್ಗರೆಟ್ ಸ್ಪೆಲಿಂಗ್ಸ್‌ರಂಥವರು ಕಾನೂನಿನ ಜೀವಾಳವನ್ನು ಮುಟ್ಟಬೇಡಿ, ಅಂಚಿನಲ್ಲಿ ತಿದ್ದಿ ಎನ್ನುತ್ತಿದ್ದರು. ಮಗು ಗೆರೆ ದಾಟಿತೇ ಎಂಬುದರ ಬದಲು ಒಂದು ವರ್ಷದಲ್ಲಿ ಎಷ್ಟು ಮುಂದೆ ಬಂತು ಎಂದು ನೋಡುವ ‘ಬೆಳವಣಿಗೆ ಮಾದರಿ’ಯನ್ನು ಅವರೇ ಪ್ರಾಯೋಗಿಕವಾಗಿ ಒಪ್ಪಿದರು, ಉತ್ತರ ಕ್ಯಾರೊಲಿನಾ, ಟೆನೆಸಿ ಮೊದಲು ಆರಂಭಿಸಿದವು. ಶಿಕ್ಷಕರ ಸಂಘಗಳು, ಪರೀಕ್ಷಾ ವಿಮರ್ಶಕರು ಒಂದೇ ಪರೀಕ್ಷೆಯ ಆಳ್ವಿಕೆ ಸಾಕು, ಹಲವು ಅಳತೆಗಳಿರಲಿ, ಶಿಕ್ಷೆಯ ಬದಲು ಬೆಂಬಲ ಕೊಡಿ ಎಂದರು. ಇದೇ ಧಾಟಿಯ ಜಂಟಿ ಹೇಳಿಕೆಗೆ ನೂರಕ್ಕೂ ಹೆಚ್ಚು ಸಂಘಟನೆಗಳು ಸಹಿ ಹಾಕಿದ್ದವು. ಮೂರನೆಯವರು ರಾಜ್ಯಗಳ ಹಕ್ಕಿನ ಪರವಾದವರು. ಯೂಟಾ 2005ರಲ್ಲೇ ರಾಜ್ಯದ ನಿಯಮಕ್ಕೆ ಮೊದಲ ಮಣೆ ಎಂದು ಕಾನೂನು ಮಾಡಿತ್ತು. ಡೆಮಾಕ್ರಟರ ಕೋಟೆಯಾದ ಕನೆಕ್ಟಿಕಟ್ ಅದೇ ವರ್ಷ, ಹಣ ಕೊಡದೆ ಕೆಲಸ ಹೇರುತ್ತಿದ್ದೀರಿ ಎಂದು ಕೇಂದ್ರದ ಮೇಲೆ ಕೋರ್ಟಿಗೆ ಹೋಯಿತು. ಅದರಲ್ಲಿ ಹುರುಳಿತ್ತು. 2007ಕ್ಕೆ ಟೈಟಲ್ ಒನ್‌ಗೆಂದು ಕಾನೂನು ಸೂಚಿಸಿದ್ದು 2,500 ಕೋಟಿ ಡಾಲರ್. ಕೊಟ್ಟದ್ದು ಸುಮಾರು ಅರ್ಧ.

ನಾಲ್ಕನೆಯ ಗುಂಪು ನಾಗರಿಕ ಹಕ್ಕುಗಳ ಸಂಘಟನೆಗಳದ್ದು. ಶಿಕ್ಷಕರ ಸಂಘಗಳ ಹಳೆಯ ಮಿತ್ರರಾದ ಇವರು ಪರೀಕ್ಷೆಯ ವಿಷಯಕ್ಕೆ ಬಂದರೆ ಬುಷ್ ಪಕ್ಕದಲ್ಲಿ ನಿಲ್ಲುತ್ತಿದ್ದರು. ಇದು ಹೊರಗಿನವರಿಗೆ ವಿಚಿತ್ರವಾಗಿ ಕಾಣುತ್ತದೆ. 2015ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಪರೀಕ್ಷೆ ಬರೆಯಬೇಕಿದ್ದ ಐವರಲ್ಲಿ ಒಬ್ಬ ಮಗುವನ್ನು ತಂದೆತಾಯಿಗಳು ಬಹಿಷ್ಕಾರದ ಹೆಸರಿನಲ್ಲಿ ಪರೀಕ್ಷೆಗೆ ಕೂರಿಸಲಿಲ್ಲ. ಅವರಲ್ಲಿ ಹೆಚ್ಚಿನವರು ಅನುಕೂಲಸ್ಥ ಬಡಾವಣೆಗಳವರು. ಆ ಮೇ ತಿಂಗಳಲ್ಲಿ ಹನ್ನೆರಡು ನಾಗರಿಕ ಹಕ್ಕು ಸಂಘಟನೆಗಳು ಬಹಿಷ್ಕಾರವನ್ನು ವಿರೋಧಿಸಿ ಹೇಳಿಕೆ ಕೊಟ್ಟವು. ಅವರ ಲೆಕ್ಕ ಬೇರೆ. ನಮ್ಮ ಮಕ್ಕಳನ್ನು ಎಣಿಸುವುದಕ್ಕೇ ಇವರಿಗೆ ಒಂದು ಶತಮಾನ ಬೇಕಾಯಿತು; ಈಗ ಎಣಿಕೆಯಿಂದ ತಲೆನೋವು ಎಂದು ಎಣಿಕೆಯನ್ನೇ ನಿಲ್ಲಿಸಿದರೆ ನಾವು ಕೋರ್ಟಿಗೆ ತೋರಿಸಲು ಏನು ಉಳಿಯುತ್ತದೆ? ಈ ಇಡೀ ಚರ್ಚೆಯಲ್ಲಿ ನನಗೆ ತೂಕದ್ದಾಗಿ ಕಂಡ ವಾದ ಇದು.

ಮಿಲ್ಲರ್ 2007ರಲ್ಲಿ ಕರಡು ಮಸೂದೆ ಹೊರಬಿಟ್ಟಾಗ ನಾಲ್ಕೂ ಕಡೆಯಿಂದ ಕಲ್ಲು ಬಿದ್ದವು. ಅದು ಮತಕ್ಕೇ ಬರಲಿಲ್ಲ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ. ಹಿರಿಯ ಬುಷ್ ಕಾಲದಲ್ಲಿ ಶಿಕ್ಷಣ ಇಲಾಖೆಯ ಸಹಾಯಕ ಕಾರ್ಯದರ್ಶಿಯಾಗಿದ್ದ ಇತಿಹಾಸಕಾರ್ತಿ ಡಯಾನ್ ರಾವಿಚ್ 2010ರಲ್ಲಿ ಪುಸ್ತಕ ಬರೆದು ತಾವೇ ಬೆಂಬಲಿಸಿದ್ದ ನೀತಿಯನ್ನು ಕೈಬಿಟ್ಟದ್ದು ದೊಡ್ಡ ಸುದ್ದಿಯಾಯಿತು. 2011ರಲ್ಲಿ ಒಬಾಮಾರ ಶಿಕ್ಷಣ ಕಾರ್ಯದರ್ಶಿ ಆರ್ನೆ ಡಂಕನ್, ಕಾನೂನು ಬದಲಾಗದಿದ್ದರೆ ಈ ವರ್ಷ ದೇಶದ ಶೇಕಡಾ 82 ಶಾಲೆಗಳು ವಿಫಲ ಪಟ್ಟಿಗೆ ಬೀಳಬಹುದು ಎಂದು ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸನ್ನು ಎಚ್ಚರಿಸಿದರು. ಬಿದ್ದದ್ದು ಅರ್ಧದಷ್ಟು. ಎಚ್ಚರಿಕೆ ಉತ್ಪ್ರೇಕ್ಷೆಯಾಗಿತ್ತು, ಆದರೆ ದಿಕ್ಕು ಸುಳ್ಳಾಗಿರಲಿಲ್ಲ.

ಕಾಂಗ್ರೆಸ್ ಕದಲಲಿಲ್ಲ. ಆ ಸೆಪ್ಟೆಂಬರ್‌ನಲ್ಲಿ ಒಬಾಮಾ ಸರ್ಕಾರ ವಿನಾಯಿತಿಯ ದಾರಿ ಹಿಡಿಯಿತು. ನೂರಕ್ಕೆ ನೂರರ ಗುರಿ ಬೇಡ, ಬದಲಿಗೆ ಉನ್ನತ ಮಾನದಂಡ ಒಪ್ಪಿ, ಶಿಕ್ಷಕರ ಮೌಲ್ಯಮಾಪನದಲ್ಲಿ ಮಕ್ಕಳ ಅಂಕ ಸೇರಿಸಿ. ನಲವತ್ತಕ್ಕೂ ಹೆಚ್ಚು ರಾಜ್ಯಗಳು ಒಪ್ಪಿದವು. 2009ರ ‘ರೇಸ್ ಟು ದ ಟಾಪ್’ ಸ್ಪರ್ಧೆಯ 435 ಕೋಟಿ ಡಾಲರ್ ಆಮಿಷ ಆಗಲೇ ನೆಲ ಹದಮಾಡಿತ್ತು. ಇಲ್ಲಿ ಬೆತ್ತ ಶಾಲೆಯ ಬೆನ್ನಿನಿಂದ ಶಿಕ್ಷಕರ ಬೆನ್ನಿಗೆ ಸರಿಯಿತು. ಸಂಗೀತದ ಮೇಷ್ಟರನ್ನು ಅವರು ಕಲಿಸದ ಗಣಿತದ ಅಂಕದಿಂದ ಅಳೆದ ಉದಾಹರಣೆಗಳೂ ಬಂದವು. ರಾಜ್ಯಗಳೇ ಸೇರಿ ರೂಪಿಸಿದ್ದ ‘ಕಾಮನ್ ಕೋರ್’ ಎಂಬ ಕಲಿಕೆಯ ಮಾನದಂಡಗಳಿಗೆ ಕೇಂದ್ರದ ವಾಸನೆ ಅಂಟಿದೊಡನೆ ಬಲಪಂಥ ಸಿಡಿದೆದ್ದಿತು, ಅಂಕ ಆಧಾರಿತ ಮೌಲ್ಯಮಾಪನಕ್ಕೆ ಶಿಕ್ಷಕರು ಸಿಡಿದೆದ್ದರು. ಎಂಟು ವರ್ಷ ಒಂದಾಗದಿದ್ದವರನ್ನು ಕೊನೆಗೆ ಒಂದುಮಾಡಿದ್ದು ಡಂಕನ್ ಮೇಲಿನ ಕೋಪ ಎಂದರೆ ಅತಿಯಾಗಲಾರದು.

ಸೆನೆಟ್‌ನಲ್ಲಿ ಟೆನೆಸಿಯ ರಿಪಬ್ಲಿಕನ್ ಲಮಾರ್ ಅಲೆಕ್ಸಾಂಡರ್, ವಾಷಿಂಗ್ಟನ್ ರಾಜ್ಯದ ಡೆಮಾಕ್ರಟ್ ಪ್ಯಾಟಿ ಮರ್ರೆ ಕೂತು ಹೆಣೆದ ‘ಎವ್ರಿ ಸ್ಟೂಡೆಂಟ್ ಸಕ್ಸೀಡ್ಸ್ ಆ್ಯಕ್ಟ್’ 2015ರ ಡಿಸೆಂಬರ್ 10ರಂದು ಕಾನೂನಾಯಿತು. ಕೆಳಮನೆಯಲ್ಲಿ 359ಕ್ಕೆ 64, ಸೆನೆಟ್‌ನಲ್ಲಿ 85ಕ್ಕೆ 12. ಮರ್ರೆಯವರ ರಾಜ್ಯದವರಿಗೇ ಹಿಂದಿನ ವರ್ಷ ಆ ಎರಡು ಪತ್ರಗಳು ಹೋಗಿದ್ದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬಂತೆ ಬರೆದ ಕಾನೂನು ಅದು. ವಾರ್ಷಿಕ ಪರೀಕ್ಷೆ ಉಳಿಯಿತು, ಗುಂಪು ಗುಂಪಾಗಿ ಬಿಡಿಸಿ ತೋರಿಸುವುದೂ ಉಳಿಯಿತು. ನೂರಕ್ಕೆ ನೂರು ಹೋಯಿತು, ಶಿಕ್ಷೆಯ ಮೆಟ್ಟಿಲುಗಳು ಹೋದವು. ತೀರಾ ಕೆಳಗಿನ ಶೇಕಡಾ 5 ಶಾಲೆಗಳು, ಮೂರರಲ್ಲಿ ಎರಡು ಪಾಲು ಮಕ್ಕಳೂ ಓದು ಮುಗಿಸದ ಹೈಸ್ಕೂಲುಗಳು, ಯಾವುದಾದರೂ ಗುಂಪು ಸತತ ಹಿಂದುಳಿದ ಶಾಲೆಗಳು, ಇವಿಷ್ಟನ್ನು ಗುರುತಿಸಿ ಏನಾದರೂ ಮಾಡಿ ಎಂದಿತು. ಏನು ಮಾಡಬೇಕೆಂದು ರಾಜ್ಯವೇ ನಿರ್ಧರಿಸಲಿ. ಪರೀಕ್ಷೆಯಲ್ಲದ ಒಂದು ಅಳತೆಯನ್ನೂ ಸೇರಿಸಿಕೊಳ್ಳಲು ಹೇಳಿದಾಗ ಮೂವತ್ತಕ್ಕೂ ಹೆಚ್ಚು ರಾಜ್ಯಗಳು ದೀರ್ಘ ಗೈರುಹಾಜರಿಯನ್ನು ಆರಿಸಿಕೊಂಡವು. ಮಗು ಶಾಲೆಗೇ ಬರುತ್ತಿಲ್ಲವೆಂಬ ಸರಳ ಸಂಗತಿ ಎಷ್ಟು ದೊಡ್ಡದೆಂದು ಕೋವಿಡ್ ನಂತರ ಎಲ್ಲರಿಗೂ ಗೊತ್ತಾಯಿತು.

ಶಿಕ್ಷಣ ಕಾರ್ಯದರ್ಶಿಯ ಕೈ ಕಟ್ಟಿಹಾಕುವ ಸಾಲುಗಳು ಆ ಕಾನೂನಿನ ತುಂಬ ಇವೆ: ಮಾನದಂಡ ಹೇರಕೂಡದು, ಶಿಕ್ಷಕರ ಮೌಲ್ಯಮಾಪನದ ಬಗ್ಗೆ ಷರತ್ತು ಹಾಕಕೂಡದು. ಒಬ್ಬ ವ್ಯಕ್ತಿಯ ಮೇಲಿನ ಸಿಟ್ಟಿನಲ್ಲಿ ಬರೆದ ಶಾಸನದ ವಾಕ್ಯಗಳನ್ನು ಓದುವುದರಲ್ಲಿ ಒಂದು ಬಗೆಯ ಮಜಾ ಇದೆ.

ಅಲ್ಲಿಂದ ಮುಂದೆ ಏನಾಯಿತು? 2013ರ ಸುಮಾರಿಗೆ ಶಿಖರ ಮುಟ್ಟಿದ ನೇಪ್ ಅಂಕಗಳು ಇಳಿಯತೊಡಗಿದವು. ಗಮನಿಸಬೇಕಾದ್ದು, ಎಲ್ಲರದೂ ಇಳಿಯಲಿಲ್ಲ. ಮೇಲಿನವರು ಬಹುಮಟ್ಟಿಗೆ ನಿಂತರು, ಕೆಳಗಿನವರು ಜಾರಿದರು. ಅದು ಶುರುವಾದದ್ದು ಕೋವಿಡ್‌ಗಿಂತ ಮುಂಚೆ. 2024ರ ಪರೀಕ್ಷೆಯಲ್ಲಿ ಎಂಟನೇ ತರಗತಿಯ ಮೂವರಲ್ಲಿ ಒಬ್ಬರಿಗೆ ಓದಿನ ಕನಿಷ್ಠ ಮಟ್ಟವೂ ಇರಲಿಲ್ಲ. ಆ ಪರೀಕ್ಷೆಯ ಇತಿಹಾಸದಲ್ಲೇ ಅದು ಅತಿ ಹೆಚ್ಚು. ಬೆತ್ತ ಸಡಿಲವಾದದ್ದೇ ಕಾರಣ ಎಂದು ಹಳೆಯ ಕಾನೂನಿನ ಅಭಿಮಾನಿಗಳು ಹೇಳುತ್ತಾರೆ. ಅದೇ ಕಾಲಕ್ಕೆ ಮಕ್ಕಳ ಕೈಗೆ ಸ್ಮಾರ್ಟ್‌ಫೋನೂ ಬಂತು, 2008ರ ಆರ್ಥಿಕ ಕುಸಿತದ ನಂತರ ರಾಜ್ಯಗಳ ಶಾಲಾ ಬಜೆಟ್‌ಗಳೂ ಸೊರಗಿದವು. ಒಂದೇ ಕಾರಣಕ್ಕೆ ಗಂಟುಹಾಕುವುದು ಆತುರವಾದೀತು.

ಇದರ ನಡುವೆ ಮಿಸಿಸಿಪಿ ಇದೆ. 89 ಎಂದು ಸಾರಿ 18ಕ್ಕೆ ಸಿಕ್ಕಿಬಿದ್ದ ಅದೇ ಮಿಸಿಸಿಪಿ. ನಾಲ್ಕನೇ ತರಗತಿಯ ಓದಿನಲ್ಲಿ 2013ರಲ್ಲಿ 49ನೇ ಸ್ಥಾನದಲ್ಲಿದ್ದ ದೇಶದ ಅತಿ ಬಡ ರಾಜ್ಯ 2024ರಲ್ಲಿ ಒಂಬತ್ತನೆಯದಾಯಿತು. 2013ರಲ್ಲಿ ಅದು ಮಾಡಿದ ಕಾನೂನಿನಲ್ಲಿ ಕಠಿಣ ಷರತ್ತೂ ಇದೆ: ಮೂರನೇ ತರಗತಿ ಮುಗಿಯುವಾಗ ಓದು ಬಾರದಿದ್ದರೆ ಅದೇ ತರಗತಿಯಲ್ಲಿ ಉಳಿಯಬೇಕು. (5, 8, 9ನೇ ತರಗತಿಯ ಪಬ್ಲಿಕ್ ಪರೀಕ್ಷೆಯ ಜಗಳವನ್ನು ಸುಪ್ರೀಂ ಕೋರ್ಟಿನವರೆಗೆ ಒಯ್ದ ನಮಗೆ ಈ ಷರತ್ತಿನ ಬಿಸಿ ಗೊತ್ತು.) ಆದರೆ ಅದೊಂದೇ ಅಲ್ಲ. ಸಾವಿರಾರು ಶಿಕ್ಷಕರಿಗೆ ಅಕ್ಷರ ಮತ್ತು ಧ್ವನಿಯ ನಂಟು ಕಲಿಸುವ ತರಬೇತಿ, ಹಿಂದುಳಿದ ಶಾಲೆಗಳಲ್ಲಿ ತರಗತಿಯೊಳಗೇ ಕೂತು ಶಿಕ್ಷಕರಿಗೆ ನೆರವಾಗುವ ಓದಿನ ತರಬೇತುದಾರರು, ಮೊದಲ ತರಗತಿಗಳಿಂದಲೇ ತೊಡಕಿರುವ ಮಕ್ಕಳ ಪತ್ತೆ. 1996ರಲ್ಲಿ ಕೇಂದ್ರ ಕೈಬಿಟ್ಟ ಎರಡನೆಯ ಲೆಕ್ಕ, ಅಂದರೆ ಮಗುವಿಗೆ ಏನು ಕೊಟ್ಟಿರಿ ಎಂಬ ಲೆಕ್ಕ, ಇಲ್ಲಿ ಮತ್ತೆ ಬಾಗಿಲು ತಟ್ಟಿದೆ. ಅದನ್ನು ಮಾಡಿಸಿದ್ದು ಕೇಂದ್ರದ ಕಾನೂನಲ್ಲ. ಆದರೆ ಅದು ಫಲಿಸಿತು ಎಂದು ಗೊತ್ತಾದದ್ದು ಕೇಂದ್ರದ ತಕ್ಕಡಿಯಿಂದ.

2015ರ ಕಾನೂನಿನ ನವೀಕರಣದ ಗಡುವು ದಾಟಿ ವರ್ಷಗಳಾದವು. ಈಗ ಚರ್ಚೆಯ ನೆಲವೇ ಬದಲಾಗಿದೆ. 2025ರ ಮಾರ್ಚ್‌ನಲ್ಲಿ ಟ್ರಂಪ್ ಶಿಕ್ಷಣ ಇಲಾಖೆಯನ್ನೇ ಮುಚ್ಚುವತ್ತ ಹೆಜ್ಜೆ ಇಡಲು ಆದೇಶಿಸಿದರು. ಸುಮಾರು 1,300 ಮಂದಿಯನ್ನು ಮನೆಗೆ ಕಳಿಸುವುದಾಗಿ ಇಲಾಖೆ ಪ್ರಕಟಿಸಿತು. ಕೆಳ ಕೋರ್ಟ್ ತಡೆದದ್ದನ್ನು ಜುಲೈನಲ್ಲಿ ಸುಪ್ರೀಂ ಕೋರ್ಟ್ ತೆರವು ಮಾಡಿತು. ಅಯೋವಾ, ಇಂಡಿಯಾನಾದಂಥ ರಾಜ್ಯಗಳು ಕೇಂದ್ರದ ಹಣವನ್ನು ಒಂದೇ ಇಡಿಗಂಟಾಗಿ ಕೊಡಿ, ಹಂಚುವುದು ನಮಗೆ ಬಿಡಿ ಎಂದು ಕೇಳಿಕೊಂಡವು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಎಂಬ ಗಾದೆ ನಮ್ಮಲ್ಲಿ ಕೇಂದ್ರ ರಾಜ್ಯಗಳ ಜಗಳಕ್ಕೆ ಸವೆದುಹೋಗಿದೆ, ಆದರೂ ಇಲ್ಲಿ ಬಳಸದೆ ವಿಧಿಯಿಲ್ಲ. ಪರೀಕ್ಷೆಯ ಬದ್ಧವೈರಿಗಳಾಗಿದ್ದ ಸಂಶೋಧಕರೂ ಈಗ ನೇಪ್ ಉಳಿಯಲಿ ಎಂದು ಬರೆಯುತ್ತಿದ್ದಾರೆ. ಬೆತ್ತದ ವಿರುದ್ಧ ಹೋರಾಡಿದವರು ತಕ್ಕಡಿಗೆ ಕಾವಲು ಕೂತಿದ್ದಾರೆ.

ಟೆಕ್ಸಾಸ್‌ನಲ್ಲಿರುವ ಗೆಳೆಯನೊಬ್ಬ ತನ್ನ ಮಗಳ ಶಾಲೆಯ ವಾರ್ಷಿಕ ರಿಪೋರ್ಟ್ ಕಾರ್ಡನ್ನು ಕಳಿಸಿದ್ದ. ‘ಏಷ್ಯನ್’ ಎಂಬ ಸಾಲಿನಲ್ಲಿ ತೇರ್ಗಡೆ ತೊಂಬತ್ತರ ಮೇಲೆ. ಅವನ ಮಗಳು ಆ ಸಾಲಿನಲ್ಲಿದ್ದಾಳೆ. ಅವಳ ತರಗತಿಯ, ಬರ್ಮಾದಿಂದ ನಿರಾಶ್ರಿತರಾಗಿ ಬಂದ ಕುಟುಂಬದ ಹುಡುಗನೂ ಅದೇ ಸಾಲಿನಲ್ಲಿದ್ದಾನೆ. ಅವನಿಗೆ ಓದು ಕಷ್ಟವಂತೆ. ಕನ್ನಡದ ಎಂಜಿನಿಯರನ ಮಗಳ ಅಂಕದ ಮರೆಯಲ್ಲಿ ಅವನು ಕಾಣಿಸುತ್ತಿಲ್ಲ. ಆ ಸಾಲನ್ನು ಇನ್ನಷ್ಟು ಬಿಡಿಸಿ ಎಂದು ಕೆಲವರು ವರ್ಷಗಳಿಂದ ಕೇಳುತ್ತಿದ್ದರು. ದೇಶಕ್ಕೆಲ್ಲ ಇಂಥ ಸಾಲುಗಳನ್ನು ಕೂಡಿಸಿ ಇಡುತ್ತಿದ್ದ ಶಿಕ್ಷಣ ಅಂಕಿಅಂಶ ಕೇಂದ್ರದಲ್ಲಿ 2025ರ ಕಡಿತದ ನಂತರ ಉಳಿದವರು ಬೆರಳೆಣಿಕೆಯ ಜನ.